ಯಜಮಾನನನ್ನು ಶುಚಿ ಮಾಡಿದ ಬುಧವಾರ

ಗ್ರಂಥಾಲಯದ ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಹನ್ನೊಂದು ವರ್ಷಗಳಿಂದ ಕುಳಿತಿದ್ದ ಆ ಮನುಷ್ಯರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಕಂಪ್ಯೂಟರ್ ಕೆಟ್ಟಿದೆ ಎಂದು ಯಾರು ಓಡಿ ಬಂದರೂ ಅವರು ತಲೆಯೆತ್ತದೆ, "ಪ್ಲಗ್ ಹಾಕಿದೀರಾ?" ಎಂದು ಕೇಳುತ್ತಿದ್ದರು. ಹತ್ತರಲ್ಲಿ ಆರು ಸಲ ಪ್ಲಗ್ ಹಾಕಿರುತ್ತಿರಲಿಲ್ಲ. ಉಳಿದ ನಾಲ್ಕು ಸಲ ಅವರು ಎದ್ದು ಹೋಗಿ ಸರಿಮಾಡಿ ಬರುತ್ತಿದ್ದರು. ಹೀಗೆ ಅವರಿಗೆ ಪ್ಲಗ್ಗಣ್ಣ ಎಂದು ಹೆಸರಾಯಿತು. ಎದುರಿಗೆ ಕರೆದರೂ ಅವರಿಗೆ ಬೇಸರವಿರಲಿಲ್ಲ. ಯಾಕೆಂದರೆ ಕರೆಯುವವರೆಲ್ಲ ಅವರನ್ನೇ ಕರೆಯುತ್ತಿದ್ದರು. ಆ ಕಟ್ಟಡದಲ್ಲಿ ಕಂಪ್ಯೂಟರ್ ಎಂದರೆ ಪ್ಲಗ್ಗಣ್ಣ, ಪ್ಲಗ್ಗಣ್ಣ ಎಂದರೆ ಕಂಪ್ಯೂಟರ್.

ಆ ಕೋಣೆಯ ಮೂಲೆಯಲ್ಲಿ ಬೂದು ಬಣ್ಣದ ದೊಡ್ಡ ಯಂತ್ರವೊಂದು ದಿನವಿಡೀ ಗುಂಯ್ ಎನ್ನುತ್ತಿತ್ತು. ಓದುವ ಹಾಲ್‌ನ ಹನ್ನೆರಡು ಕಂಪ್ಯೂಟರುಗಳೂ, ಪುಸ್ತಕ ಕೊಡುವ ತೆಗೆದುಕೊಳ್ಳುವ ಕೌಂಟರಿನ ಕಂಪ್ಯೂಟರೂ ಅದರ ಅಪ್ಪಣೆಯಿಲ್ಲದೆ ಕಣ್ಣು ಬಿಡುತ್ತಿರಲಿಲ್ಲ. ಅದಕ್ಕೆ ಯಜಮಾನ ಎಂದು ಹೆಸರಿಟ್ಟವಳು ಸೀಲಮ್ಮ. ಮೂವತ್ತು ವರ್ಷ ಪುಸ್ತಕಗಳಿಗೆ ತಾರೀಖಿನ ಸೀಲು ಒತ್ತಿ ಒತ್ತಿ, ಸೀಲು ಹೋದರೂ ಹೆಸರು ಉಳಿಸಿಕೊಂಡ ಕೌಂಟರಿನ ಹೆಂಗಸು ಆಕೆ. "ನಮ್ಮನೆ ಯಜಮಾನ್ರೂ ಹೀಗೇ. ಮೂಲೇಲಿ ಕೂತು ಗುಂಯ್ ಅಂತಾರೆ. ಆದ್ರೆ ಅವರಿಲ್ದಿದ್ರೂ ಮನೆ ನಡೆಯುತ್ತೆ, ಇದು ಇಲ್ದಿದ್ರೆ ನಡೆಯಲ್ಲ," ಎಂದು ಆಕೆ ಹೇಳುತ್ತಿದ್ದಳು.

ಯಜಮಾನನ ಒಳಗೆ ನಡೆಯುತ್ತಿದ್ದದ್ದು ಲಿನಕ್ಸ್ ಎಂಬ, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ನಲವತ್ತಮೂರರ ವಯಸ್ಸಿನಲ್ಲಿ, ಪತ್ರಿಕೆಯೊಂದರ ಜೊತೆ ಬಂದ ಡಿಸ್ಕನ್ನು ಹಿಡಿದುಕೊಂಡು, ಯಾರ ಸಹಾಯವೂ ಇಲ್ಲದೆ ಪ್ಲಗ್ಗಣ್ಣ ಅದನ್ನು ಕಲಿತು ಕೂರಿಸಿದ್ದರು. ಕಲಿತ ರೀತಿಯೂ ಅವರದೇ. ನೀಲಿ ರಟ್ಟಿನ ಉದ್ದನೆಯ ನೋಟ್‌ಬುಕ್ಕಿನಲ್ಲಿ ತಾವು ಯಂತ್ರಕ್ಕೆ ಕೊಟ್ಟ ಒಂದೊಂದು ಆಜ್ಞೆಯನ್ನೂ, ಕೊಟ್ಟ ತಾರೀಖು, ಗಂಟೆ, ಕಾರಣ ಸಮೇತ ಬರೆದಿಡುತ್ತಿದ್ದರು. ಮೊದಲು ಬರೆಯುವುದು, ಆಮೇಲೆ ಟೈಪ್ ಮಾಡುವುದು. ತಪ್ಪಾದರೆ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ತಪ್ಪು" ಎಂದೂ ಬರೆಯುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅಂಥವು ಏಳು ಇದ್ದವು. ಯಂತ್ರವನ್ನು ಕೂರಿಸಿದ ಮೊದಲ ದಿನ ಅದರೊಳಗೆ ಏನೇನು ಬಂದು ಕುಳಿತಿದೆಯೆಂದು ಪರದೆಯ ಮೇಲೆ ಕಂಡ ಇನ್ನೂರಕ್ಕೂ ಹೆಚ್ಚು ಹೆಸರುಗಳನ್ನು, ಅರ್ಥವಾಗಲಿ ಆಗದಿರಲಿ, ಮೂರನೆಯ ಪುಟದಿಂದ ಸಾಲಾಗಿ ನಕಲು ಮಾಡಿದ್ದರು. ಮಗ್ಗಿ ಬರೆಯುವ ಶ್ರದ್ಧೆ ಅದು.

ಇಂಥ ಸಂಸಾರದೊಳಗೆ ಷಡ್ಡಕ ಬಂದ. ಕರೆತಂದವರೂ ಪ್ಲಗ್ಗಣ್ಣನೇ.

ಅವರ ಹೆಂಡತಿಯ ತಂಗಿಯ ಗಂಡ ಕೆಲಸ ಮಾಡುತ್ತಿದ್ದ ಕಚೇರಿ ಮುಚ್ಚಿಹೋಗಿತ್ತು. ಹೆಂಡತಿ ಎರಡು ವಾರ ಬೆನ್ನು ಬಿಡಲಿಲ್ಲ. "ನಿಮ್ಮ ಮೇಡಂಗೆ ಒಂದು ಮಾತು ಹೇಳ್ರೀ. ನನ್ನ ತಂಗಿ ಮುಖ ನೋಡಕ್ಕಾಗ್ತಿಲ್ಲ." ಪ್ಲಗ್ಗಣ್ಣ ಹೇಳಿದರು. ಗ್ರಂಥಪಾಲಕಿ ಮೇಡಂ ಒಪ್ಪಿದರು. ಹದಿನಾಲ್ಕು ವರ್ಷ ಚಿಕ್ಕವನಾದ ಷಡ್ಡಕ ಒಂದು ಸೋಮವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, "ಅಣ್ಣ, ನಾನು ಎಲ್ಲಿ ಕೂರ್ಲಿ?" ಎಂದು ಕೇಳುತ್ತ ಕೋಣೆಗೆ ಬಂದ. ಪ್ಲಗ್ಗಣ್ಣ ತಮ್ಮ ಮೇಜಿನ ಅರ್ಧವನ್ನು ಬಿಟ್ಟುಕೊಟ್ಟರು. ಆಗ ಅವರಿಗೆ ದೊಡ್ಡ ಮನುಷ್ಯನಾದ ಸುಖವಿತ್ತು.

ಆ ಸುಖ ಮೂರು ತಿಂಗಳೂ ಬಾಳಲಿಲ್ಲ. ಷಡ್ಡಕ ಒಂದು ಪುಟ್ಟ ಪ್ರೋಗ್ರಾಂ ಬರೆದ. ಯಾರಾದರೂ ಕಾದಿರಿಸಿದ ಪುಸ್ತಕ ಮರಳಿ ಬಂದ ಕೂಡಲೇ ಅವರ ಫೋನಿಗೆ "ನಿಮ್ಮ ಪುಸ್ತಕ ಬಂದಿದೆ" ಎಂದು ಸಂದೇಶ ಹೋಗುತ್ತಿತ್ತು. ಅಷ್ಟೇ. ಆದರೆ ಓದುಗರು ಆಕಾಶವೇ ಕೈಗೆ ಬಂದಂತೆ ಆಡಿದರು. ಮೇಡಂ ಎಲ್ಲರೆದುರು ಚಪ್ಪಾಳೆ ತಟ್ಟಿದರು. ಸೀಲಮ್ಮ ಕೂಡ, "ಇಷ್ಟು ವರ್ಷ ಚೀಟಿ ಬರೆದು ಬರೆದು ನನ್ನ ಬೆರಳು ಸವೆದ್ವಲ್ಲ, ನೀವು ಮೊದಲೇ ಯಾಕಪ್ಪ ಬರಲಿಲ್ಲ?" ಎಂದಳು. ಆ ಚೀಟಿಯ ಏರ್ಪಾಡು ಪ್ಲಗ್ಗಣ್ಣನದು.

ಷಡ್ಡಕನ ಬಾಯಲ್ಲಿ ಒಂದು ಪದ ಸದಾ ಇರುತ್ತಿತ್ತು. "ಅದನ್ನ ಪೈಥಾನ್‌ನಲ್ಲಿ ಬರೆದೆ." "ಪೈಥಾನ್ ಇದ್ರೆ ಎರಡೇ ನಿಮಿಷ ಅಣ್ಣ." ಪೈಥಾನ್ ಎಂಬುದು ಪ್ರೋಗ್ರಾಂ ಬರೆಯುವ ಒಂದು ಭಾಷೆ. ಪ್ಲಗ್ಗಣ್ಣನಿಗೆ ಅದರ ಪರಿಚಯವಿರಲಿಲ್ಲ, ಕೇಳಿ ತಿಳಿದುಕೊಳ್ಳುವ ಮನಸ್ಸೂ ಇರಲಿಲ್ಲ. ಷಡ್ಡಕನ ಅಂಗಿ, ಷಡ್ಡಕನ ಚಹಾದ ಲೋಟ, ಷಡ್ಡಕನ ಪೈಥಾನ್ ಎಂದು ಅವರ ತಲೆಯಲ್ಲಿ ಎಲ್ಲವೂ ಒಂದೇ ಗಂಟಿನಲ್ಲಿ ಸೇರಿಹೋಗಿದ್ದವು. ಆ ಪದ ಕಿವಿಗೆ ಬಿದ್ದರೆ ಹೊಟ್ಟೆಯೊಳಗೆ ಏನೋ ಚುರ್ ಎನ್ನುತ್ತಿತ್ತು.

ಅಷ್ಟಾದರೂ ಕಚೇರಿಯ ಮಾತು ಕಚೇರಿಗೆ ಎಂದು ಸುಮ್ಮನಿದ್ದರೇನೋ. ಆದರೆ ಗ್ರಂಥಾಲಯಕ್ಕೆ ವಾರದ ರಜೆಯಾದ ಒಂದು ಬುಧವಾರ ಇಬ್ಬರು ಅಳಿಯಂದಿರೂ ಮಾವನ ಮನೆಯಲ್ಲಿ ಊಟಕ್ಕೆ ಸೇರಿದ್ದರು. ಊಟ ಮುಗಿದ ಮೇಲೆ ಮಾವ ಒಳಗಿನಿಂದ ತಮ್ಮ ಫೋನು ತಂದರು. "ಇದರಲ್ಲಿ ಅಕ್ಷರ ಎಲ್ಲ ಚಿಕ್ಕದಾಗಿಬಿಟ್ಟಿದೆ, ಸ್ವಲ್ಪ ನೋಡು." ಇಪ್ಪತ್ತೆರಡು ವರ್ಷಗಳಿಂದ ಆ ಮನೆಯ ರೇಡಿಯೋ, ಟಿವಿ, ಫೋನು ಏನು ಕೆಟ್ಟರೂ ನೋಡಿದವರು ಹಿರಿಯ ಅಳಿಯ. ಪ್ಲಗ್ಗಣ್ಣ ಅಭ್ಯಾಸಬಲದಿಂದ ಕೈ ಚಾಚಿದರು. ಮಾವನ ಕೈ ಅವರ ಕೈಯ ಮೇಲಿನಿಂದಲೇ ಹಾದು ಹೋಗಿ ಫೋನನ್ನು ಕಿರಿಯ ಅಳಿಯನಿಗೆ ಕೊಟ್ಟಿತು.

ಚಾಚಿದ ಕೈಯನ್ನು ಏನು ಮಾಡುವುದು? ಪ್ಲಗ್ಗಣ್ಣ ನೀರಿನ ಲೋಟ ತೆಗೆದುಕೊಂಡರು. ಬಾಯಾರಿಕೆ ಇರಲಿಲ್ಲ, ಆದರೂ ಪೂರ್ತಿ ಕುಡಿದರು.

ದಾರಿಯಲ್ಲಿ ಹೆಂಡತಿ ಕೇಳಿದಳು, "ಯಾಕ್ರೀ ಮುಖ ಹೀಗಿದೆ?"

"ಊಟ ಜಾಸ್ತಿ ಆಯ್ತು."

"ಊಟ ಅಲ್ಲ. ನಂಗೊತ್ತು. ಅಪ್ಪಂಗೆ ವಯಸ್ಸಾಯ್ತು, ಯಾರು ಹತ್ರ ಕೂತಿದ್ರೆ ಅವರ ಕೈಗೆ ಕೊಡ್ತಾರೆ."

"ಹತ್ರ ಕೂತಿದ್ದೋನು ನಾನು!" ಎಂದು ಪ್ಲಗ್ಗಣ್ಣ ಬೀದಿಯಲ್ಲೇ ಗದರಿದರು. ಎದುರಿಗೆ ಬರುತ್ತಿದ್ದವರು ತಿರುಗಿ ನೋಡಿದರು.

ಮುಂದಿನ ಸೋಮವಾರ ಮೇಡಂ ಇಬ್ಬರನ್ನೂ ಕರೆಸಿದರು. ಪಕ್ಕದ ಹೊಸ ಕಟ್ಟಡದಲ್ಲಿ ನಲವತ್ತು ಕಂಪ್ಯೂಟರುಗಳ ಹಾಲ್ ಸಿದ್ಧವಾಗಿತ್ತು. ಅದಕ್ಕೊಬ್ಬ ಮುಖ್ಯಸ್ಥ ಬೇಕು. ಗುರುವಾರ ಹನ್ನೊಂದು ಗಂಟೆಗೆ ಸಮಿತಿಯವರು ಬಂದು, ಈಗಿನ ವ್ಯವಸ್ಥೆಯನ್ನು ನೋಡಿ, ಇಬ್ಬರಲ್ಲಿ ಒಬ್ಬರನ್ನು ಗೊತ್ತುಮಾಡುತ್ತಾರೆ. "ಅಂದ ಹಾಗೆ, ಯಜಮಾನ ಯಾಕೋ ಏದುಸಿರು ಬಿಡ್ತಿದಾನೆ. ಒಳಗೆ ಜಾಗ ಇಲ್ವಂತೆ. ಸ್ವಲ್ಪ ಶುಚಿ ಮಾಡಬಹುದಾ?" ಎಂದರು ಮೇಡಂ.

"ಮಾಡಬಹುದು ಮೇಡಂ," ಎಂದ ಷಡ್ಡಕ. "ಆದ್ರೆ ಶುಕ್ರವಾರ ಮಾಡೋಣ. ಮೊದಲು ಎಲ್ಲದರ ಒಂದು ನಕಲು ತೆಗೆದಿಟ್ಕೊಂಡು, ಆಮೇಲೆ. ಅಲ್ವಾ ಅಣ್ಣ?"

ಮಾತು ನ್ಯಾಯವಾದದ್ದೇ. ತಮಗೆ ಹೊಳೆಯಬೇಕಾಗಿದ್ದ ಮಾತು ಅವನಿಗೆ ಮೊದಲು ಹೊಳೆಯಿತಲ್ಲ ಎಂಬುದೇ ಪ್ಲಗ್ಗಣ್ಣನಿಗೆ ಉರಿ. "ನೋಡೋಣ," ಎಂದಷ್ಟೇ ಹೇಳಿದರು.

ಬುಧವಾರ ಬೆಳಿಗ್ಗೆ, "ಪೇಟೆಗೆ ಹೋಗಿ ಬರ್ತೀನಿ," ಎಂದು ಮನೆಯಲ್ಲಿ ಹೇಳಿ, ತಮ್ಮ ಬಳಿಯಿದ್ದ ಬೀಗದ ಕೈಯಿಂದ ಹಿಂಬಾಗಿಲು ತೆರೆದು ಗ್ರಂಥಾಲಯದೊಳಗೆ ಹೋದರು. ರಜೆಯ ದಿನದ ಹಾಲ್‌ನಲ್ಲಿ ಕುರ್ಚಿಗಳೆಲ್ಲ ಮೇಜಿನ ಮೇಲೆ ಕಾಲು ಮೇಲಾಗಿ ಕುಳಿತಿದ್ದವು. ಕಿಟಕಿಯ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಯಾರೂ ಇಲ್ಲ. ಯಜಮಾನನ ಮುಂದೆ ಕುಳಿತರು.

ಲಿನಕ್ಸಿನಲ್ಲಿ ಪ್ಯಾಕೇಜ್ ಮ್ಯಾನೇಜರ್ ಎಂಬ ಒಂದು ಏರ್ಪಾಡಿದೆ. ದೊಡ್ಡ ಉಗ್ರಾಣದ ಮೇಲ್ವಿಚಾರಕನಿದ್ದಂತೆ ಅದು. ಒಂದು ಸಾಮಾನು ಬೇಕೆಂದರೆ, ಆ ಸಾಮಾನಿಗೆ ಆಧಾರವಾಗಿ ಏನೇನು ಬೇಕೋ ಅವನ್ನೂ ತಂದು ಜೋಡಿಸುತ್ತದೆ. ಒಂದನ್ನು ತೆಗೆ ಎಂದರೆ, ಅದಕ್ಕೆ ಒರಗಿ ನಿಂತವನ್ನೆಲ್ಲ ತೆಗೆಯುತ್ತದೆ. ಆಮೇಲೆ, ಇನ್ನು ಯಾರಿಗೂ ಬೇಡವಾಗಿ ಉಳಿದವನ್ನೂ ಗುಡಿಸಿಬಿಡಲೇ ಎಂದು ಕೇಳುತ್ತದೆ. ಅದು ಪ್ರಾಮಾಣಿಕ ಸೇವಕ. ಏನೇನು ಹೋಗುತ್ತದೆಂದು ಮೊದಲೇ ಪಟ್ಟಿ ಕೊಟ್ಟು, ಹೌದೋ ಅಲ್ಲವೋ ಎಂದು ಕೇಳಿಯೇ ಮುಂದುವರಿಯುತ್ತದೆ. ಆದರೆ ನಾವು ಹೌದು ಎಂದಮೇಲೆ ಯಾಕೆ ಎಂದು ಕೇಳುವುದಿಲ್ಲ.

ಮೊದಲು ಹಳೆಯ ಬೇಡದ ಕಡತಗಳನ್ನು ಅಳಿಸಿದರು. ಜಾಗವೇನೂ ಹೆಚ್ಚಲಿಲ್ಲ. ಆಗ ಮನಸ್ಸಿನೊಳಗಿನ ದನಿಯೊಂದು ಮಾತಾಡಿತು: ಭಾರ ಎಲ್ಲಿಂದ ಬಂತು? ಅವನು ಬಂದ ಮೇಲೆ ತಾನೆ? ಅವನ ಪ್ರೋಗ್ರಾಂ, ಅದಕ್ಕಾಗಿ ಹೊತ್ತು ತಂದ ಆ ಪೈಥಾನ್! ನಾಳೆ ಸಮಿತಿಯವರ ಮುಂದೆ, "ಇದರಿಂದಲೇ ಯಜಮಾನ ಏದುಸಿರು ಬಿಡುತ್ತಿದ್ದ, ತೆಗೆದೆ, ಸರಿಹೋಯಿತು," ಎಂದು ಹೇಳಿದರೆ ಹೇಗಿರುತ್ತದೆ? ಆಗ ಅವನ ಮುಖ ಹೇಗಿರುತ್ತದೆ?

ಆ ಮುಖವನ್ನು ನೆನೆಸಿಕೊಂಡ ಖುಷಿಯಲ್ಲಿ ನೋಟ್‌ಬುಕ್ ತೆರೆಯುವುದು ಮರೆತುಹೋಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬರೆಯದೆ ಟೈಪ್ ಮಾಡಿದರು. ಪೈಥಾನನ್ನು ತೆಗೆ.

ಪರದೆಯ ತುಂಬ ಹೆಸರುಗಳು ಇಳಿದವು. ನೂರು, ನೂರೈವತ್ತು, ಇನ್ನೂರು. ಕೊನೆಯಲ್ಲಿ, ಇಷ್ಟನ್ನು ತೆಗೆದರೆ ಒಂದೂವರೆ ಗಿಗಾಬೈಟ್ ಜಾಗ ಖಾಲಿಯಾಗುತ್ತದೆ, ಮುಂದುವರಿಯಲೇ ಎಂಬ ಪ್ರಶ್ನೆ. ಬೇರೆ ದಿನವಾಗಿದ್ದರೆ ಅವರು ಬೆರಳಿಟ್ಟು ಒಂದೊಂದೇ ಸಾಲು ಓದುತ್ತಿದ್ದರು. ಅಂದು ಕಣ್ಣಿಗೆ ಬಿದ್ದದ್ದು ಆ ಸಂಖ್ಯೆ ಮಾತ್ರ. "ಅಬ್ಬಬ್ಬಾ! ಇಷ್ಟು ಕಸ ತಂದು ಸುರಿದಿದ್ದನೇ ಮಹಾರಾಯ!" ಎಂದು ಗಟ್ಟಿಯಾಗಿಯೇ ಹೇಳಿ, ಹೌದು ಒತ್ತಿದರು. ಆಧಾರ ತಪ್ಪಿ ಬೇಡವಾದವು ಇನ್ನೂ ಇವೆ, ಅವನ್ನೂ ಗುಡಿಸಲೇ ಎಂದು ಅದು ಕೇಳಿತು. ಅದಕ್ಕೂ ಹೌದು. ಎಲ್ಲ ಮುಗಿದ ಮೇಲೆ ಯಜಮಾನನನ್ನು ಆರಿಸಿ, ಬಾಗಿಲು ಹಾಕಿಕೊಂಡು, ಶಿಳ್ಳೆ ಹಾಕುತ್ತ ಮನೆಗೆ ಬಂದರು. ಹೆಂಡತಿಗೆ ಆಶ್ಚರ್ಯ. "ಪೇಟೇಲಿ ಏನ್ರೀ ಸಿಕ್ತು?" "ನೆಮ್ಮದಿ," ಎಂದರು ಪ್ಲಗ್ಗಣ್ಣ.

ಗುರುವಾರ ಅವರು ಒಂಬತ್ತೂಕಾಲಿಗೆ ಗ್ರಂಥಾಲಯಕ್ಕೆ ಬಂದಾಗ ಕೌಂಟರಿನ ಮುಂದೆ ಸಾಲು ಬಾಗಿಲಿನವರೆಗೆ ಬೆಳೆದಿತ್ತು. ಹನ್ನೆರಡು ಪರದೆಗಳೂ ಖಾಲಿ.

"ಪ್ಲಗ್ಗಣ್ಣ, ಬೇಗ ಬನ್ನಿ!" ಎಂದು ಸೀಲಮ್ಮ ಕೂಗಿದಳು. "ಯಜಮಾನ ಕಣ್ಣೇ ಬಿಡ್ತಿಲ್ಲ. ಪ್ಲಗ್ ಹಾಕಿದೀವಿ, ಅದನ್ನ ಕೇಳಬೇಡಿ!"

"ಯಾರು ಹಚ್ಚಿದ್ದು?"

"ನಿಮ್ಮ ಷಡ್ಡಕ. ಎಂಟೂವರೆಗೇ ಬಂದು ಹಚ್ಚಿದ್ರು, ಹೋಯ್ತು. ನಿನ್ನೆ ರಜೆ, ಯಾರೂ ಮುಟ್ಟಿಲ್ಲ. ಪಾಪ, ಆ ಹುಡುಗನ ಪ್ರೋಗ್ರಾಮೇ ಏನೋ ಮಾಡಿರ್ಬೇಕು ಅಂತಿದಾರೆ ಮೇಡಂ."

ಕೋಣೆಯಲ್ಲಿ ಷಡ್ಡಕ ಕುಳಿತಿದ್ದ. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರದ ಒಂದು ಸಾಲು ಮಿಣುಕುತ್ತಿತ್ತು. ಚಿತ್ರಗಳಿಲ್ಲ, ಕಿಟಕಿಗಳಿಲ್ಲ, ಹೊರಗಿನ ಸಂಪರ್ಕವಿಲ್ಲ. "ಅಣ್ಣ, ಪೈಥಾನೇ ಇಲ್ಲ ಅಂತಿದೆ. ಅದಿಲ್ದೆ ಡೆಸ್ಕ್‌ಟಾಪ್ ಇಲ್ಲ, ನೆಟ್‌ವರ್ಕ್ ಇಲ್ಲ, ಏನೂ ಇಲ್ಲ. ಹೇಗೆ ಹೋಯ್ತೋ!"

ಪ್ಲಗ್ಗಣ್ಣನ ಕೈ ತಾನಾಗಿ ನೀಲಿ ನೋಟ್‌ಬುಕ್ಕಿಗೆ ಹೋಯಿತು. ಮೂರನೆಯ ಪುಟ. ಹನ್ನೊಂದು ವರ್ಷದ ಹಿಂದೆ ತಮ್ಮದೇ ಗುಂಡು ಅಕ್ಷರದಲ್ಲಿ ನಕಲು ಮಾಡಿದ ಪಟ್ಟಿ. ಹದಿನೇಳನೆಯ ಸಾಲಿನಲ್ಲಿ, ಮೊದಲ ದಿನವೇ, ಷಡ್ಡಕನ ಹೆಸರನ್ನೂ ಈ ಕಟ್ಟಡ ಕೇಳಿರದ ಕಾಲದಲ್ಲೇ, ಪೈಥಾನ್ ಬಂದು ಕುಳಿತಿತ್ತು. ಅದು ಅವನ ಜೊತೆ ಬಂದದ್ದಲ್ಲ. ತಾವೇ ಕೂರಿಸಿದ ಮನೆಯ ತೊಲೆ ಅದು. ಪಕ್ಕದವನ ಗಂಟೆಂದು ತಿಳಿದು ತಮ್ಮ ತೊಲೆಯನ್ನು ತಾವೇ ಎಳೆದು ಬಿಸಾಡಿದ್ದರು.

"ಅಣ್ಣ, ಆ ಪುಸ್ತಕ ಕೊಡ್ತೀರಾ?" ಎಂದ ಷಡ್ಡಕ. "ನೆಟ್‌ವರ್ಕಿನ ವಿಳಾಸ ಕೈಯಿಂದ್ಲೇ ಟೈಪ್ ಮಾಡ್ಬೇಕು. ಅದು ನಿಮ್ಮ ಪುಸ್ತಕದಲ್ಲಿ ಬಿಟ್ರೆ ಬೇರೆಲ್ಲೂ ಇಲ್ಲ."

ಇಬ್ಬರೂ ಒಂದೇ ಮೇಜಿಗೆ ಬಾಗಿದರು. ಒಬ್ಬರು ಓದುವುದು, ಒಬ್ಬ ಟೈಪ್ ಮಾಡುವುದು. ವಿಳಾಸ ಹಾಕಿ ತಂತಿ ಸಿಕ್ಕಿಸಿದಾಗ ಹೊರಗಿನ ಸಂಪರ್ಕ ಬಂತು. ಉಗ್ರಾಣದಿಂದ ಪೈಥಾನ್ ಮರಳಿತು. ಅದರ ಹಿಂದೆ, ಪಟ್ಟಿ ನೋಡಿ ಕರೆದ ಹಾಗೆಲ್ಲ, ಉಳಿದವು ಒಂದೊಂದಾಗಿ ಬರತೊಡಗಿದವು. ಪುಸ್ತಕಗಳ ದಾಖಲೆಗೆ ಕೂದಲೆಳೆಯಷ್ಟೂ ಪೆಟ್ಟಾಗಿರಲಿಲ್ಲ. ನಡುವೆ ಒಮ್ಮೆ ಷಡ್ಡಕ, ಏನೇನು ಹೋಗಿದೆ ಎಂದು ಖಚಿತಪಡಿಸಿಕೊಳ್ಳಲು, ಪ್ಯಾಕೇಜ್ ಮ್ಯಾನೇಜರ್ ತಾನೇ ಬರೆದಿಡುವ ದಿನಚರಿಯನ್ನು ತೆರೆದ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು, ಏನು ತೆಗೆದರು ಎಂದು ಅದು ಪ್ಲಗ್ಗಣ್ಣನಂತೆಯೇ ಚಾಚೂ ತಪ್ಪದೆ ಬರೆಯುತ್ತದೆ. ಪ್ಲಗ್ಗಣ್ಣ ಬರೆಯದಿದ್ದುದನ್ನು ಅದು ಬರೆದಿತ್ತು. ಬುಧವಾರ, ಹತ್ತು ಗಂಟೆ ನಲವತ್ತೆರಡು ನಿಮಿಷ. ಕೆಳಗೆ ಪ್ಲಗ್ಗಣ್ಣನ ಹೆಸರು, ಅಪ್ಪ ಅಮ್ಮ ಇಟ್ಟದ್ದು.

ಷಡ್ಡಕನ ಬೆರಳು ಒಂದು ಕ್ಷಣ ನಿಂತಿತು. ಪ್ಲಗ್ಗಣ್ಣ ಆ ಬೆರಳನ್ನೇ ನೋಡಿದರು. ಬೆರಳು ಮುಂದಕ್ಕೆ ಸರಿಯಿತು, ದಿನಚರಿ ಮುಚ್ಚಿತು. "ಮುಂದಿನ ಹೆಸರು ಓದಿ ಅಣ್ಣ," ಎಂದ, ಏನೂ ಆಗಿಲ್ಲದವನಂತೆ.

ಹನ್ನೊಂದಕ್ಕೆ ಸಮಿತಿಯ ಮೂವರು ಬಂದಾಗ ಕೆಲಸ ಇನ್ನೂ ಅರ್ಧದಲ್ಲಿತ್ತು. ಸೀಲಮ್ಮ ಹಳೆಯ ಸೀಲನ್ನು ಹುಡುಕಿ ತೆಗೆದು, ಬಹಳ ದಿನದ ಸಿಟ್ಟನ್ನೆಲ್ಲ ಸೇರಿಸಿ ಪುಸ್ತಕಗಳಿಗೆ ಒತ್ತುತ್ತಿದ್ದಳು. ಮೇಡಂ ಮೆಟ್ಟಿಲ ಕೆಳಗಿನ ಬಾಗಿಲಿಗೆ ಬಂದು ನಿಂತರು. ಹಿಂದೆ ಮೂವರೂ ಇದ್ದರು.

"ಕಾರಣ ಗೊತ್ತಾಯ್ತಾ? ಯಾರಿಂದ ಆಗಿದ್ದು?"

ಪ್ಲಗ್ಗಣ್ಣ ಬಾಯಿ ತೆರೆಯುವ ಮೊದಲೇ ಷಡ್ಡಕ ಎದ್ದು ನಿಂತ. "ನನ್ನ ಪ್ರೋಗ್ರಾಂನಿಂದಲೇ ಮೇಡಂ. ನಾನು ಇನ್ನೂ ಸ್ವಲ್ಪ ಎಚ್ಚರದಿಂದ ಇರ್ಬೇಕಿತ್ತು. ಅಣ್ಣನ ಪುಸ್ತಕ ಇಲ್ದಿದ್ರೆ ಇವತ್ತು ಏಳ್ತಾನೇ ಇರ್ಲಿಲ್ಲ."

ಸಮಿತಿಯ ಹಿರಿಯರೊಬ್ಬರು ತಲೆದೂಗಿದರು. ಅವರ ಕಣ್ಣು ಪ್ಲಗ್ಗಣ್ಣನ ಕಡೆಗೆ ಮೆಚ್ಚುಗೆಯಿಂದ ತಿರುಗಿತು. ನಲವತ್ತು ಕಂಪ್ಯೂಟರುಗಳ ಹಾಲ್ ಪ್ಲಗ್ಗಣ್ಣನ ಅಂಗೈಗೆ ಬಂದು ಕುಳಿತಂತೆಯೇ. ತುಟಿ ಪಿಟಕ್ಕೆನ್ನದೆ ನಿಂತಿದ್ದರೆ ಸಾಕಿತ್ತು.

ಆಗ ಪ್ಲಗ್ಗಣ್ಣನಿಗೆ ಬಂದದ್ದು ಕೃತಜ್ಞತೆಯಲ್ಲ, ಪಶ್ಚಾತ್ತಾಪವೂ ಅಲ್ಲ. ಅವು ಬಂದದ್ದು ಆಮೇಲೆ, ಸಾವಕಾಶವಾಗಿ. ಆ ಕ್ಷಣಕ್ಕೆ ಹೊಟ್ಟೆಯಲ್ಲಿ ಎದ್ದದ್ದು ಹಳೆಯ ಉರಿಯೇ, ಆದರೆ ಹತ್ತು ಪಟ್ಟು. ಕೆಲಸದಲ್ಲಿ ಮುಂದೆ ಹೋದ, ಇರಲಿ. ಮಾವನ ಫೋನು ತೆಗೆದುಕೊಂಡ, ಇರಲಿ. ಈಗ ಒಳ್ಳೆಯತನದಲ್ಲೂ ನನಗಿಂತ ಮುಂದೆ ಹೋಗಿ ನಿಂತನಲ್ಲ! ಇನ್ನು ಬದುಕಿರುವಷ್ಟು ದಿನವೂ ಮಾವನ ಮನೆಯಲ್ಲಿ ಅವನೆದುರು ಊಟಕ್ಕೆ ಕುಳಿತಾಗಲೆಲ್ಲ ಈ ಉಪಕಾರವನ್ನು ನುಂಗಬೇಕೇ? ಅದೊಂದನ್ನು ಮಾತ್ರ ಅವನಿಗೆ ಬಿಟ್ಟುಕೊಡಲು ಅವರಿಂದಾಗಲಿಲ್ಲ.

"ಸುಳ್ಳು!" ಎಂದರು ಪ್ಲಗ್ಗಣ್ಣ. ದನಿ ಅವರಿಗೇ ಜೋರೆನಿಸಿತು. "ಸುಳ್ಳು ಹೇಳ್ತಿದಾನೆ ಮೇಡಂ. ತೆಗೆದೋನು ನಾನು. ನಿನ್ನೆ ಹತ್ತು ನಲವತ್ತೆರಡಕ್ಕೆ. ಒಬ್ನೇ ಬಂದು, ಪಟ್ಟಿ ಓದದೆ, ಹೌದು ಅಂತ ಒತ್ತಿದೆ."

ಯಜಮಾನ ಮಾತ್ರ ಗುಂಯ್ ಎನ್ನುತ್ತಿದ್ದ.

"ಪಟ್ಟಿ ಓದದೆ? ನೀವಾ?" ಎಂದರು ಮೇಡಂ. ತಪ್ಪಿಗಿಂತ ಅದೇ ಅವರಿಗೆ ಹೆಚ್ಚು ಅಚ್ಚರಿಯಾಗಿತ್ತು. "ಯಾಕೆ?"

"ಅದು ಇವನದು ಅಂದ್ಕೊಂಡೆ," ಎಂದರು ಪ್ಲಗ್ಗಣ್ಣ. ಬಾಗಿಲ ಹೊರಗೆ ಸೀಲಿನ ಸದ್ದು ನಿಂತಿತ್ತು. ಸೀಲಮ್ಮನಿಗೆ ಎಲ್ಲ ಅರ್ಥವಾಗಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಯಜಮಾನ ಪೂರ್ತಿ ಕಣ್ಣು ಬಿಟ್ಟ. ಹೊಸ ಹಾಲ್ ಷಡ್ಡಕನ ಪಾಲಾಯಿತು. ಮೆಟ್ಟಿಲ ಕೆಳಗಿನ ಕೋಣೆಯೂ ಯಜಮಾನನೂ ಪ್ಲಗ್ಗಣ್ಣನಿಗೇ ಉಳಿದವು. ಒಂದು ಷರತ್ತಿನ ಮೇಲೆ: ಹೊಸ ಹಾಲ್‌ನಲ್ಲೂ ಇಂಥ ಪುಸ್ತಕ ಇಡಬೇಕು, ಅದನ್ನು ಹೇಗಿಡುವುದೆಂದು ಅವರೇ ಕಲಿಸಬೇಕು ಎಂದರು ಮೇಡಂ.

ಎಲ್ಲರೂ ಹೋದ ಮೇಲೆ ಪ್ಲಗ್ಗಣ್ಣ ನೀಲಿ ನೋಟ್‌ಬುಕ್ ತೆರೆದು, ಬುಧವಾರದ ತಾರೀಖು ಹಾಕಿ, ಗಂಟೆ ಬರೆದು, ಆಜ್ಞೆ ಬರೆದರು. ಕಾರಣ ಎಂಬ ಜಾಗಕ್ಕೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಕೊನೆಗೆ "ಹೊಟ್ಟೆಕಿಚ್ಚು" ಎಂದು ಬರೆದರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ಎಂಟನೆಯ ಸಲ, "ತಪ್ಪು" ಎಂದು ಬರೆದು ಗೆರೆ ಎಳೆದರು.

ಮರುದಿನ ಷಡ್ಡಕ ಅದೇ ಅಂಗಡಿಯಿಂದ ಅದೇ ನೀಲಿ ರಟ್ಟಿನ ನೋಟ್‌ಬುಕ್ ಕೊಂಡು ತಂದ. "ಅಣ್ಣ, ಮೊದಲ ಸಾಲು ನೀವೇ ಬರೆದುಕೊಡಿ."

"ನೀನು ನಿನ್ನೆ ಯಾಕೋ ಹಾಗೆ ಹೇಳ್ದೆ?" ಎಂದು ಪ್ಲಗ್ಗಣ್ಣ ಕೇಳಿದರು, ಪುಸ್ತಕದಿಂದ ಕಣ್ಣೆತ್ತದೆ.

"ನಂಗೆ ಕೆಲಸ ಕೊಡಿಸಿದ್ದು ನೀವು ತಾನೆ ಅಣ್ಣ."

ಪ್ಲಗ್ಗಣ್ಣ ಪೆನ್ನು ತೆಗೆದು ಬರೆದರು: "ಅಳಿಸುವ ಮೊದಲು ಪಟ್ಟಿಯನ್ನು ಪೂರ್ತಿ ಓದತಕ್ಕದ್ದು." ಅದರ ಕೆಳಗೆ ಷಡ್ಡಕ ತಾರೀಖು, ಗಂಟೆ, ತನ್ನ ಮೊದಲ ಆಜ್ಞೆ ಬರೆದ. ಪ್ಲಗ್ಗಣ್ಣ ಕನ್ನಡಕ ಸರಿಮಾಡಿಕೊಂಡು ಎರಡು ಸಾಲುಗಳನ್ನೂ ಹೋಲಿಸಿ ನೋಡಿದರು. ಅವನ ಅಕ್ಷರ ಓರೆಯಾಗಿ ಬೆಟ್ಟ ಹತ್ತುತ್ತಿತ್ತು. ತಮ್ಮದು ದಾರ ಹಿಡಿದು ಪೋಣಿಸಿದಂತೆ ನೇರವಾಗಿತ್ತು.

ಅಂದು ಅವರು ಮನೆಗೆ ಹೋಗುವ ದಾರಿಯಲ್ಲಿ ಮತ್ತೆ ಶಿಳ್ಳೆ ಹಾಕಿದರು.